ಕಾಗಿಕಾಲಿನ ಮುದ್ರೆ

ವಾಡಿಯ ಗುಜರಿಯಲ್ಲಿ ಸೋಮವಾರ
ಚಾಂದಪಾಶಾನ ತಕ್ಕಡಿ ಇನ್ನೂ ನೇತಾಡಿರುವುದಿಲ್ಲ,
ನಾನಾಗಲೇ ಕುಕ್ಕರಗಾಲಲ್ಲಿ ಕೂತು
ಕಬ್ಬಿಣದ ರಾಶಿಯಲ್ಲಿ ಕೈಯಾಡಿಸುತ್ತಿರುತ್ತೇನೆ,
ಜೋಳದಲ್ಲಿ ಹರಳು ಹುಡುಕುವವಳ ಹಾಗೆ.
ನನಗೆ ಮಾತ್ರ ಹರಳೇ ಬೇಕು.

"ಮಾಸ್ತರ, ಕಿಲೋಕ್ಕ ಮೂವತ್ತೆಂಟು.
ಸನ್ ನೀವ ನೋಡಕೋರಿ, ನಾ ತೂಕ ನೋಡ್ತೀನಿ."

ರಾತ್ರಿಯಿಡೀ ಹುಣಸೆಹುಳಿಯಲ್ಲಿ ಮುಳುಗಿಸಿಡುತ್ತೇನೆ.
ಹೆಂಡತಿ ಸಾರಿನ ಪಾತ್ರೆ ಬಚ್ಚಿಡುತ್ತಾಳೆ.
ಬೆಳಿಗ್ಗೆ ತಿಕ್ಕಿ ತೊಳೆದು ಓರೆಬಿಸಿಲಿಗೆ ಹಿಡಿದರೆ
ಮೊದಲು ಮೇಲೇಳುವುದು ಕಾಗಿಕಾಲು:
ಮೂರು ಗೆರೆ, ಒಂದೇ ತುದಿ,
ಇದು ಸರ್ಕಾರದ್ದು, ಮುಟ್ಟಬೇಡ ಎಂಬ ಮುದ್ರೆ.
ಆಮೇಲೆ ತಡವಾಗಿ ಒಂದು ನಾಲ್ಕು,
ಅದರ ಪಕ್ಕ ಮೂರೋ, ಎಂಟೋ.

ಮೂರಾದರೆ ದೂರದ ಯುದ್ಧ.
ಎಂಟಾದರೆ ಬೇರೆ ಮಾತು;
ಆ ಸನ್ ಬಂದಾಗ ನಮ್ಮ ಕಡೆ
ಅಜ್ಜಂದಿರು ದನಿ ತಗ್ಗಿಸುತ್ತಿದ್ದರು,
ಒಬ್ಬರು ಎದ್ದು ಹೋಗಿ ಬಾಗಿಲು ಹಾಕುತ್ತಿದ್ದರು.

ಅಂಕಿ ಅಳಿಸಿದ್ದರೂ ಕಬ್ಬಿಣ ಬಾಯಿಬಿಡುತ್ತದೆ.
ಮೂವತ್ತೆಂಟರ ಪಾನಾಕ್ಕೆ ಮದುವೆ ಪಾತ್ರೆಯ ಹೊಳಪು.
ನಲವತ್ತೊಂದಕ್ಕೆ ಮಂಕು.
ನಲವತ್ತಮೂರಕ್ಕೆ ಬರೀ ಕರಿ ಬಣ್ಣ,
ನಿಕ್ಕಲ್ಲೆಲ್ಲ ತೋಪಿನ ಕಡೆ ಹೋಗಿದೆ.
ಅಂಚಿನಲ್ಲಿ ಅಚ್ಚಿನ ಏಣು ಹಾಗೇ ಉಳಿದಿದೆ,
ಉಜ್ಜಲು ಯಾರಿಗೂ ಪುರುಸೊತ್ತಿರಲಿಲ್ಲ.
ಈ ಒರಟಿಗೆ ಬೆರಳಿಟ್ಟಾಗಲೆಲ್ಲ
ಯಾವುದೋ ಊರಿನ ಯಾವುದೋ ಪಾಳಿಯಲ್ಲಿ
ಯಾರೋ 'ಮುಂದಿನದು ಕೊಡು' ಅಂದದ್ದು ಕೇಳುತ್ತದೆ.

ಐಟಿಐ ಹುಡುಗರು ನಗುತ್ತಾರೆ:
"ಸರ್, ಇದು ಯಾ ನಟ್ಟಿಗೂ ಕೂಡಂಗಿಲ್ಲ."
ಹೌದು. ಇದರ ಬಾಯಿಗೆ ಹೊಂದುವ ನಟ್ಟು
ಈ ಜಿಲ್ಲೆಯಲ್ಲಿ ಉಳಿದಿಲ್ಲ.
ಒಂದು ಪಾನಾ ಎಡಗಡೆಯೇ ಸವೆದಿದೆ, ಎಡಚನೊಬ್ಬನಿದ್ದ.
ಇನ್ನೊಂದರಲ್ಲಿ ಎರಡು ಕಾಗಿಕಾಲು, ಮೂತಿಗೆ ಮೂತಿ:
ದಂಡು ಇದನ್ನು ಮಾರಿಬಿಟ್ಟಿತು, ಋಣ ಮುಗಿಯಿತು ಎಂದರ್ಥ.
ಮನುಷ್ಯರಿಗೂ ಹೀಗೊಂದು ಮುದ್ರೆ ಒತ್ತಿ ಕಳಿಸಿದರೋ
ಇಲ್ಲವೋ, ತಿಳಿಯದು.

ಶಹಾಬಾದದ ಖಣಿಯಲ್ಲಿ ಹುಸೇನಮ್ಮನ ಸುತ್ತಿಗೆ ಕಂಡಿದ್ದು
ನೀರು ಕೇಳಲು ನಿಂತಾಗ.
ಪಕ್ಕೆಯಲ್ಲಿ ಕಾಗಿಕಾಲು, ಅರ್ಧ ಚಪ್ಪಟೆ,
ನಾಲ್ಕು ಇತ್ತು, ಮುಂದಿನದು ಏಟಿಗೆ ಹೊರಳಿ ಮಡಚಿತ್ತು.
ನನ್ನ ಎದೆ ಕಳ್ಳನದರಂತೆ ಹೊಡೆದುಕೊಂಡಿತು.
"ಎರಡು ಸಾವಿರ ಕೊಡ್ತೀನಿ" ಅಂದೆ.

"ಯಾಕ್ರಿ, ನಿಮ್ಮನ್ಯಾಗ ಕಲ್ಲ ಅದಾವೇನು?"

ಇಲ್ಲ, ಗೋಡೆಗೆ ತೂಗುಹಾಕಲು, ಎಂದೆ. ಇಸವಿ ವಿವರಿಸಿದೆ.
ಕಾಗಿಕಾಲನ್ನು ಭೂತಗನ್ನಡಿಯಲ್ಲಿ ತೋರಿಸಿದೆ.
ಅವಳು ಕನ್ನಡಿಯಲ್ಲಿ ಮೊದಲು ತನ್ನ ಹೆಬ್ಬೆರಳು ನೋಡಿಕೊಂಡಳು,
ಉಗುರಿಲ್ಲದ್ದು.
"ನಮ್ಮತ್ತಿ ಕೊಟ್ಟಿದ್ದು. ಹಿಡಿಕಿ ನಂದು.
ಮಾರಂಗಿಲ್ರಿ, ಅದಿನ್ನಾ ಕೆಲಸದಾಗದ."

ಆಮೇಲೆ ಉಳಿ ಇಟ್ಟು, ಸಾಲಾಗಿ ಸಣ್ಣಗೆ
ಟಕ್ ಟಕ್ ಟಕ್ ಎಂದು ಹೋಗಿ
ಪದರವೊಂದನ್ನು ಹೊದಿಕೆ ಸರಿಸಿದಂತೆ ಎತ್ತಿದಳು.
ಒಳಗೆ ನೀರಿನ ತೆರೆಗಳ ಗುರುತು,
ನಿನ್ನೆ ಬತ್ತಿದ ಹಳ್ಳದ ಮರಳಿನ ಹಾಗೆ.
"ಇದ್ರ ಸನ್ ಹೇಳ್ರಿ ಮೊದಲ."

ಬಾಯಿ ಬರಲಿಲ್ಲ.
ಬೆಣೆ ಸಡಿಲಾಗಿದೆ ಎಂದೆ, ಗೊತ್ತಿದ್ದದ್ದು ಅಷ್ಟೇ.
ಜಾಲಿ ಚಕ್ಕೆ ಸೀಳಿ, ಎಣ್ಣೆ ಸವರಿ, ಬಡಿದು ಕೂಡಿಸಿ ಕೊಟ್ಟೆ.
ಅವಳು ಒಮ್ಮೆ ತೂಗಿ ನೋಡಿ ತಲೆಯಾಡಿಸಿದಳು,
ಹೊಡೆದಳು. ಅಂಕಿ ಇನ್ನಷ್ಟು ಒಳಗೆ ಮಡಚಿತು.

ವಾಪಸು ಬರುವಾಗ ರೈಲ್ವೆ ಗೇಟು ಮುಚ್ಚಿತ್ತು.
ಸಿಮೆಂಟಿನ ಗೂಡ್ಸು ಮುಗಿಯುವವರೆಗೆ
ಕಿಸೆಯಲ್ಲಿ ಭೂತಗನ್ನಡಿಯನ್ನು ತಿರುವುತ್ತ ನಿಂತೆ.
ಬೆರಳಿಗೆ ಜಾಲಿಯ ವಾಸನೆ.