ತಿಳಿದ ಮಟ್ಟಿಗೆ

ಹಾಸನದ ಕೋರ್ಟಿನೆದುರು, ಹೊಂಗೆಮರದ ಬುಡದಲ್ಲಿ
ಇಪ್ಪತ್ತೆರಡು ವರ್ಷದಿಂದ ಟೈಪು ಹೊಡೆಯುತ್ತೇನೆ.
ಬಾಡಿಗೆ ಕರಾರು, ವಂಶವೃಕ್ಷ, ಹೆಸರಿನ ತಿದ್ದುಪಡಿ.
ಪ್ರತಿ ಅಫಿಡವಿಟ್ಟಿನ ಕೊನೆಗೂ ಅದೇ ಸಾಲು:
ಮೇಲ್ಕಂಡದ್ದು ನನಗೆ ತಿಳಿದ ಮಟ್ಟಿಗೆ, ನಂಬಿದ ಮಟ್ಟಿಗೆ ಸತ್ಯ.
ಬೆರಳಿಗೆ ಬಾಯಿಪಾಠ.
ಕಣ್ಣು ಬೇರೆಲ್ಲೋ ಇರುತ್ತದೆ.

ಜೇನುಪೆಟ್ಟಿಗೆ ಬಂದದ್ದು ಯುಗಾದಿಯ ಹಿಂದಿನ ವಾರ,
ಮೂಡಿಗೆರೆ ಬಸ್ಸಿನ ಕಡೇ ಸೀಟಿನಲ್ಲಿ,
ಬಾಯಿಗೆ ಜಾಲರಿ ಬಡಿದುಕೊಂಡು, ನನ್ನ ತೊಡೆಯ ಮೇಲೆ
ಗುಂಯ್ಗುಡುತ್ತ.
ಒಳಗೆ ಎಷ್ಟು ಜನ, ಎಂದ ಕಂಡಕ್ಟರು,
ಅರ್ಧ ಟಿಕೇಟು ಹರಿದ.

ಸಾಲಗಾಮೆ ರಸ್ತೆಯ ತಾರಸಿ, ನೀರಿನ ಟ್ಯಾಂಕಿನ ನೆರಳು.
ಸ್ಟ್ಯಾಂಡಿನ ನಾಕು ಕಾಲಿಗೂ ನೀರಿನ ಬಟ್ಟಲು.
ಆಮೇಲೆ ಶುರುವಾಯಿತು ಸಾಕ್ಷಿಗಳ ಸಾಲು.

ದಿನಾ ಮುಚ್ಚಳ ತೆಗೆದು ಮುಖ ತೋರಿಸಿ, ಸಲಿಗೆಯಾಗುತ್ತೆ,
ಎಂದರು ನೋಟರಿ ಪರಮೇಶ್ವರಯ್ಯ.
ಮೂರು ತಿಂಗಳು ಮುಟ್ಟಲೇಬೇಡಿ ಅಕ್ಕಾ,
ಎಂದ ಜೆರಾಕ್ಸಿನ ಇಮ್ತಿಯಾಜ್. ಅವನ ಮಾವನಿಗೆ
ಯಾರೋ ಹೇಳಿದ್ದಂತೆ, ಕೊಡ್ಲಿಪೇಟೆಯಲ್ಲೋ ಎಲ್ಲೋ.
ಮಳೆಗಾಲಕ್ಕೆ ತಟ್ಟೆ ತುಂಬ ಸಕ್ಕರೆಪಾಕ ಇಟ್ಟುಬಿಡಿ,
ಎಂದಿತ್ತು ಮಾರಿದವನು ಕೊಟ್ಟ ಕರಪತ್ರ.
ಎಲ್ಲರ ದನಿಯೂ ಗಟ್ಟಿ. ಎಲ್ಲರಿಗೂ ಗೊತ್ತಿತ್ತು.

ಕೋರ್ಟಿನಲ್ಲಾದರೆ ಒಂದೇ ಪ್ರಶ್ನೆ: ಕಂಡದ್ದೋ, ಕೇಳಿದ್ದೋ?
ಎದುರು ಪಾರ್ಟಿ ವಕೀಲ ಎದ್ದು ನಿಂತರೆ ಸಾಕು, ಉದುರುತ್ತದೆ.
ನನಗೆ ಎದುರು ಪಾರ್ಟಿ ಇರಲಿಲ್ಲ.
ಮುಚ್ಚಳ ತೆಗೆದೆ. ತಟ್ಟೆ ಇಟ್ಟೆ.

ಪಾಕಕ್ಕೆ ಊರಿನ ಹುಳವೆಲ್ಲ ಬಂತು, ಕದನವಾಯಿತು.
ಆಷಾಢದ ಒಂದು ಬೆಳಗ್ಗೆ, ಮಳೆ ಹೊಳವಾದ ಹೊತ್ತು,
ನನ್ನವೆಲ್ಲ ಹೊರಬಿದ್ದು, ಟ್ಯಾಂಕಿಗೊಂದು ಸುತ್ತು ಹಾಕಿ
ಹಿಂದಿನ ಬೀದಿಯ ತೆಂಗಿನ ಮೇಲಿಂದ ಹೋದವು.
ಬಟ್ಟೆ ಒಣಹಾಕುತ್ತಿದ್ದೆ. ಕೈಯಲ್ಲಿ ಕ್ಲಿಪ್ಪು.
ಪೆಟ್ಟಿಗೆಯಲ್ಲಿ ಮೇಣದ ಹುಳ ನೇಯ್ದ ಬಲೆ,
ಒಂದು ಹಿಡಿ ಕರಿಯ ಹುಡಿ.

ಮಗ್ಗೆಯ ಪುಟ್ಟಲಿಂಗಮ್ಮ ಬಂದದ್ದು ಗಡಿ ತಕರಾರಿಗೆ.
ಹೆಸರು, ಗಂಡನ ಹೆಸರು, ವಯಸ್ಸು. ಕಸುಬು?
ಜೇನು, ಎಂದಳು.
ನನ್ನ ಬೆರಳು ನಿಂತಿತು.
ಎಷ್ಟಿವೆ ಎಂದು ಕೇಳಿದ್ದಕ್ಕೆ ಹೋದವುಗಳ ಲೆಕ್ಕ ಕೊಟ್ಟಳು:
ಹೋದೊರ್ಷ ಹನ್ನೊಂದು ಹೋದ್ವು ಕಣವ್ವ.
ಆರು ನನ್ ತಪ್ಪು. ಮೂರಕ್ಕೆ ರೋಗ.
ಇನ್ನೆರಡು ಯಾಕ್ ಹೋದ್ವೋ, ಗೊತ್ತಿಲ್ಲ.

ಗೊತ್ತಿಲ್ಲ!
ಇಷ್ಟು ವರ್ಷದಲ್ಲಿ ಆ ಮಾತನ್ನು
ಯಾವ ಕಾಗದದ ಮೇಲೂ ನಾನು ಹೊಡೆದಿರಲಿಲ್ಲ.

ಟೈಪಿನ ದುಡ್ಡು ತೆಗೆದುಕೊಳ್ಳಲಿಲ್ಲ.
ಅವಳೇ ಒಂದು ಹೊಸ ಕುಟುಂಬ ತಂದಿಟ್ಟು,
ಮುಚ್ಚಳಕ್ಕೆ ಹೋದ ನನ್ನ ಕೈ ಹಿಡಿದಳು:
ಬಾಗ್ಲಲ್ ಕೂತು ನೋಡು. ಕಾಲಿಗೆ ಹಿಟ್ಟು ಮೆತ್ಕೊಂಡು ಬಂದ್ರೆ
ಒಳಗೆ ಕೂಸುಗಳವೆ, ತೆರೆಯೋದೇನು?
ಮೆಟ್ಟಿಲಿಳಿಯುತ್ತ ಇನ್ನೊಂದು ಮಾತು:
ನಾನ್ ಹೇಳಿದ್ದು ಮಗ್ಗೆಗೆ. ಹಾಸನದ್ದು ನೀನೇ ಬರ್ಕೋ.

ಕೆಟ್ಟ ಅಫಿಡವಿಟ್ಟುಗಳ ಬೆನ್ನಿಗೆ ಬರೆದುಕೊಂಡೆ.
ಆಗಸ್ಟ್ ಹದಿನಾಲ್ಕು, ಹತ್ತೂಕಾಲು: ಹಳದಿ ಹಿಟ್ಟು, ಏಳು ಹುಳ.
ಯಾವ ಹೂವೋ ಗೊತ್ತಿಲ್ಲ.
ಹದಿನೇಳು: ಮಳೆ. ಯಾರೂ ಹೊರಡಲಿಲ್ಲ, ನಾನೂ.
ಇಪ್ಪತ್ತು: ಕೆನ್ನೆಗೆ ಕಚ್ಚಿತು. ತಲೆಗೆ ಹರಳೆಣ್ಣೆ ಹಚ್ಚಿದ್ದೆ.
ಅದಕ್ಕೋ, ದಾರಿಗೆ ಅಡ್ಡ ಕೂತದ್ದಕ್ಕೋ?

ತುಪ್ಪ ಇನ್ನೂ ತೆಗೆದಿಲ್ಲ. ನೋಟರಿ ದಿನಾ ಕೇಳುತ್ತಾರೆ.

ದೀಪಾವಳಿಗೆ ಮುಂಚೆ ಕಡಜ ಬರಲ್ಲ, ಎಂದಿದ್ದಳು ಅವಳು.
ನನ್ನ ತಾರಸಿಗೆ ಗೌರಿಹಬ್ಬಕ್ಕೇ ಬಂದವು, ಎರಡು,
ಬಾಗಿಲಲ್ಲೇ ಹಿಡಿದು ಒಯ್ದವು.
ಹೇಳಲೋ ಬೇಡವೋ ಎಂದು ಎರಡು ದಿನ ತಡೆದು, ಫೋನು ಮಾಡಿದೆ.
ಆ ತುದಿಯಲ್ಲಿ ಒಂದು ಗಳಿಗೆ ಮಾತಿಲ್ಲ.
ಆಮೇಲೆ: ಯಾವ್ ವಾರ? ಹೊತ್ತೆಷ್ಟು?
ತಡಿ, ತಡಿ, ನಮ್ ಹುಡುಗಿ ಕೈಲಿ ಬರೆಸ್ತೀನಿ.
ಡಬ್ಬಿಯೊಂದು ಬೋರಲಾದ ಸದ್ದು,
ಯಾರೋ ಪೆನ್ಸಿಲು ಹುಡುಕುತ್ತಿದ್ದರು.