ಹದಿನೆಂಟರ ಮಾರನೆಯ ದಿನ

ಒಂದು ಹಿಡಿ. ಬೇಕಾದರೆ ಎರಡು. ಆದರೆ ವಾರ ವಾರವೂ ಅಷ್ಟೇ,
ಎಂದರು ಡಾಕ್ಟರು. ಬಿಡಲೂ ಬೇಡಿ, ಏರಿಸಲೂ ಬೇಡಿ.
ಸೊಪ್ಪಿನೊಳಗಿನ ಕೆ ವಿಟಮಿನ್ನು
ರಕ್ತ ಹೆಪ್ಪುಗಟ್ಟಿಸುವವರ ಕಡೆಯ ವಕೀಲ,
ನಿಮ್ಮ ಮಾತ್ರೆ ಎದುರು ಪಾರ್ಟಿಯದು.

ಯಾರ ಹಿಡಿ ಅಂತ ನಾನು ಕೇಳಲಿಲ್ಲ.
ಗೋಣಿಕೊಪ್ಪದಲ್ಲಿ ಟೈಲರ್ ನಾನು, ಅಳತೆಯೇ ಅನ್ನ.
ಟೇಪಿಗೆ ಸಿಗದ್ದನ್ನು ಕಾಫಿ ಲೋಟದಲ್ಲಿ ಅಳೆದೆ:
ಬೇಯಿಸಿದ ಹರಿವೆ ಮುಕ್ಕಾಲು ಲೋಟ,
ಬುಧವಾರ, ಶನಿವಾರ.

ಕಕ್ಕಡದ ಮಳೆಗೆ ಲೋಟದ ಲೆಕ್ಕ ಗೊತ್ತಿಲ್ಲ.
ತೋಡಿನ ಬದಿಯ ತೆರ್ಮೆ ಸುರುಳಿ ಬಿಚ್ಚುವ ಮೊದಲೇ
ದೇಚವ್ವ ಮಡಿಲು ತುಂಬ ಮುರಿದು ತರುತ್ತಾಳೆ,
ಹಿಂದೆಯೇ ಕೆಸದೆಲೆ.
"ಸೊಪ್ಪು ತಿಂದು ಸತ್ತವರುಂಟಾ?"

ಎದೆಯೊಳಗೆ ಲೋಹದ ಕವಾಟ.
ಮೆಷಿನ್ನು ನಿಲ್ಲಿಸಿದರೆ ಕೇಳುತ್ತದೆ, ಟಿಕ್, ಟಿಕ್.
ಮೊದಲ ತಿಂಗಳು ಗಂಡ ರಾತ್ರಿಯೆಲ್ಲ ಗಡಿಯಾರ ಹುಡುಕಿದ.
ಸೂಜಿ ತಾಗಿದರೆ ಬೆರಳು ಬೇಗ ಸುಮ್ಮನಾಗುವುದಿಲ್ಲ,
ಅದಕ್ಕೇ ಮದುಮಗನ ಬಿಳಿ ಕುಪ್ಯ ಕೆಲಸದ ಹುಡುಗಿಗೆ,
ಕೆಂಪು ಚೇಲೆಯ ಅಂಚು ನನಗೆ.

ಕಕ್ಕಡ ಹದಿನೆಂಟು.
ಹದಿನೆಂಟು ಬಗೆಯ ಮದ್ದು ಒಂದೇ ಎಲೆಗೆ ಬಂದು ಕೂರುವ ದಿನ.
ಬೀದಿಯಿಡೀ ಮದ್ದುಸೊಪ್ಪು ಕುದಿಯುವ ಘಮ,
ನೇರಳೆ ಪಾಯಸ, ಮೇಲೆ ಜೇನು.
ಎರಡೇ ಚಮಚ, ಅಂದುಕೊಂಡೆ.
ಎರಡು ಚಮಚಕ್ಕೆ ಯಾವ ವಕೀಲ ಬರುತ್ತಾನೆ?

ಬೆಳಿಗ್ಗೆ ಬಚ್ಚಲಲ್ಲಿ ಕೆಂಪು.

ಪ್ರತಿ ವರ್ಷವೂ ಕೆಂಪೇ. ಚಿಕ್ಕವಳಿದ್ದಾಗ
ಅಣ್ಣನ ಜೊತೆ ಪಂದ್ಯ ಕಟ್ಟಿ ನಕ್ಕ ಕೆಂಪು.
ಈಗ ಬೀರುವಿನಲ್ಲಿ ಆಸ್ಪತ್ರೆಯ ಚೀಟಿ:
ಮೂತ್ರ ಕೆಂಪಾದರೆ ತಕ್ಷಣ ಬನ್ನಿ.
ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಚೊಂಬು,
ಎಷ್ಟು ಹೊತ್ತು ನಿಂತೆನೋ.
ಆಮೇಲೆ ವಿರಾಜಪೇಟೆಯ ಬಸ್ಸು.

ಲ್ಯಾಬಿನ ಸುಫೈರಾ ಮಾಸ್ಕಿನೊಳಗೇ ನಕ್ಕಳು.
"ಆಂಟಿ, ಇವತ್ತು ಇಡೀ ಊರಿಗೇ ಹಾಗೆ.
ಪಕ್ಕದ ಮನೆಯವರು ಕೊಟ್ಟಿದ್ದರು, ನನಗೂ."
ನಗುತ್ತಲೇ ಸೂಜಿ ಚುಚ್ಚಿದಳು,
ಹತ್ತಿಯನ್ನು ಮಾತ್ರ ನಗದೆ ಒತ್ತಿ ಹಿಡಿದಳು.

ಐ.ಎನ್.ಆರ್. ಎರಡು ಪಾಯಿಂಟ್ ಏಳು. ಸರಿಯಾಗಿದೆ.
ಡಾಕ್ಟರು ನಗಲಿಲ್ಲ:
ಬಂದದ್ದು ಒಳ್ಳೆಯದಾಯಿತು. ಇನ್ನು ಮೇಲೆ ತಿನ್ನುವ ಮೊದಲು ಕೇಳಿ.
ಎಲೆಯ ಕೆಂಪೋ ನಿಮ್ಮ ಕೆಂಪೋ
ಬಣ್ಣ ಬಾಯಿಬಿಟ್ಟು ಹೇಳುವುದಿಲ್ಲ.

ಸಂಜೆ ಮತ್ತೆ ದೇಚವ್ವ, ಮತ್ತೆ ತೆರ್ಮೆ.
ಈ ಸಲ ಲೋಟವನ್ನೇ ಮುಂದೆ ಇಟ್ಟೆ,
ಎಲ್ಲ ಹೇಳಿದೆ: ಕವಾಟ, ಮಾತ್ರೆ, ವಕೀಲ.
ತಲೆ ಆಡಿಸುತ್ತಾ ಕೇಳಿದಳು ಪೂರ್ತಿ.
ಲೋಟ ತುಂಬಿಸಿದಳು.
ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ತಳಕ್ಕಿಳಿಸಿ
"ಇನ್ನೂ ಸ್ವಲ್ಪ ಹಿಡಿಯುತ್ತೆ ನೋಡು" ಅಂದಳು.