ಹಾಳೆಯ ಹಿಂಬದಿ

ಟೊಲೆಡೊದಲ್ಲಿ ಹಿಮ ಕರಗಿ ಕೊಚ್ಚೆಯಾಗುವ ಮಾರ್ಚ್.
ಮೇಲಂತಸ್ತು ಖಾಲಿ. ಏಳು ಅರ್ಜಿ.
ಸ್ಟೆಲ್ಲಾ ನೊವಿಟ್ಸ್ಕಿ ಕನ್ನಡಕ ಒರೆಸಿಕೊಂಡು
ಬಂದ ವೇಳೆಯಂತೆ ಜೋಡಿಸುತ್ತಾಳೆ.
ವಕೀಲ ಅಳಿಯನ ಕಟ್ಟಪ್ಪಣೆ:
ಸಂಬಳ ಬಾಡಿಗೆಯ ಮೂರು ಪಟ್ಟಿರಬೇಕು,
ಮೊದಲು ತೇರ್ಗಡೆಯಾದವರಿಗೇ ಬೀಗದಕೈ.
ಮಕ್ಕಳಿದ್ದಾರೆಯೇ, ಕೇಳಕೂಡದು.
ಮುಖ ನೋಡಿ ಮಣೆ ಹಾಕಕೂಡದು.

ಎರಡನೆಯದು ಡೆಶಾನಾ ಪ್ರೂಯಿಟ್.
ಗಾಜಿನ ಕಾರ್ಖಾನೆ, ರಾತ್ರಿಪಾಳಿ.
ಹಳೆಯ ಮನೆ ಬಿಟ್ಟ ಕಾರಣ: ಒಲೆ ಹತ್ತುತ್ತಿರಲಿಲ್ಲ.
ಸಾಕುಪ್ರಾಣಿ: ಇಲ್ಲ.

ಮಗುಚಿದರೆ
ನೇರಳೆ ಬಳಪದ ನಾಯಿ,
ಐದು ಕಾಲು
(ಒಂದು ಬಾಲವೂ ಇರಬಹುದು),
ಪಕ್ಕದ ಮನೆಗಿಂತ ದೊಡ್ಡದು ಅದರ ಬಾಯಿ.

ಸ್ಟೆಲ್ಲಾ ಏನೂ ನೋಡಿಲ್ಲ.
ಐದು ಕಾಲಿನದಕ್ಕೆ ನಿಯಮವೂ ಇಲ್ಲ.
ಹಾಳೆ ಸರಿಯಾಗಿ ತಿರುಗಿಸಿಟ್ಟು,
ಮೊದಲನೆಯವನ ಸಂಬಳವನ್ನು
ಮತ್ತೆ ಮೂರರಿಂದ ಭಾಗಿಸುತ್ತಾಳೆ,
ಮತ್ತೆ,
ಎಲ್ಲಾದರೂ ಎಂಟು ಡಾಲರ್ ಕಡಿಮೆ ಬಿದ್ದೀತೇ ಎಂದು.